ವಾರೆಂಟ್ ಇದ್ದವರು ಬಂದು ಹೋದರು, ಹಾಗಾದ್ರೆ ಆ ಕೋರ್ಟ್ ಎಂಥಕ್ಕೆ?

ಪೆರ್ಲದ ಮಾಸ್ಟ್ರು:

ಊರಿನ ವಾಚನಾಲಯದಲ್ಲಿ ಸಂಜೆ ಹೊತ್ತು ನಾಲ್ಕೈದು ಹೈಸ್ಕೂಲು ಮಕ್ಕಳಿಗೆ ಚರಿತ್ರೆ ಹೇಳಿಕೊಡುತ್ತೇನೆ. ನಿವೃತ್ತಿಯಾದ ಮೇಲೂ ಉಳಿದುಕೊಂಡ ಅಭ್ಯಾಸ. ಮೊನ್ನೆ, ಎರಡನೇ ಮಹಾಯುದ್ಧದ ನಂತರ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯ ಪಾಠ ಮುಗಿಸಿ, ಹೇಗ್ ನಗರದ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದ ಬಗ್ಗೆ ಎರಡು ಮಾತು ಹೇಳಿದೆ. ಯುಕ್ರೇನಿನ ಮಕ್ಕಳನ್ನು ರಷ್ಯಕ್ಕೆ ಸಾಗಿಸಿದ ಆರೋಪದ ಮೇಲೆ 2023ರ ಮಾರ್ಚ್ 17ರಂದು ಅದು ಪುಟಿನ್ ಹೆಸರಿಗೆ ವಾರೆಂಟ್ ಹೊರಡಿಸಿದ್ದನ್ನೂ ಹೇಳಿದೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ, ಸಾಮಾನ್ಯವಾಗಿ ಬಾಯಿ ಬಿಡದವ, ತಲೆಯೆತ್ತಿ ಕೇಳಿದ: "2025ರ ಡಿಸೆಂಬರಲ್ಲಿ ಅವರು ದೆಹಲಿಗೆ ಬಂದು ಹೋದ್ರಲ್ಲ ಮಾಸ್ಟ್ರೇ. ಟೀವಿಯಲ್ಲಿ ನೋಡಿದ್ದೇನೆ. ಯಾರೂ ಹಿಡೀಲಿಲ್ಲ. ಹಾಗಾದ್ರೆ ಆ ಕೋರ್ಟ್ ಎಂಥಕ್ಕೆ?"

ಭಾರತ ಆ ಕೋರ್ಟಿನ ಸದಸ್ಯ ಅಲ್ಲ, ಹಿಡಿದುಕೊಡುವ ಬಾಧ್ಯತೆ ನಮಗಿಲ್ಲ ಎಂದೆ. ಅವ ಬಿಡಲಿಲ್ಲ. "ಅಂದ್ರೆ ಒಪ್ಪಿದವರಿಗೆ ಮಾತ್ರ ಕಾನೂನಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನ್ಯೂರೆಂಬರ್ಗನ್ನು ನಾನು ವರ್ಷಗಟ್ಟಲೆ ಪಾಠಪುಸ್ತಕದಲ್ಲಿ ಇದ್ದ ಹಾಗೆಯೇ ಮಾಡಿದವ. 22 ಮಂದಿಯ ವಿಚಾರಣೆ, 12 ಮಂದಿಗೆ ಮರಣದಂಡನೆ, ಮೂವರ ಬಿಡುಗಡೆ. ಹಿಟ್ಲರ್ ಸತ್ತ ಮೇಲೆ ಕೆಲವೇ ದಿನ ದೇಶದ ಮುಖ್ಯಸ್ಥನಾಗಿದ್ದ ಡ್ಯೋನಿಟ್ಸ್‌ಗೆ ಹತ್ತು ವರ್ಷ ಜೈಲು. ಆದರೆ ಸೋತ ದೇಶದ ನಾಯಕರನ್ನು ಗೆದ್ದ ದೇಶಗಳ ನ್ಯಾಯಾಧೀಶರು ವಿಚಾರಿಸಿದರು ಎಂಬ ಮಾತನ್ನು ಕ್ಲಾಸಿನಲ್ಲಿ ಒತ್ತಿ ಹೇಳಿದವನಲ್ಲ. ಜಪಾನಿನ ಯುದ್ಧನಾಯಕರನ್ನು ವಿಚಾರಿಸಿದ ಟೋಕಿಯೋ ಕೋರ್ಟಿನಲ್ಲಿ ಅಲ್ಲಿನ ಚಕ್ರವರ್ತಿಯನ್ನು ಕಟಕಟೆಗೆ ತರಲೇ ಇಲ್ಲ. ಅಲ್ಲಿ ಕುಳಿತಿದ್ದ ನಮ್ಮ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್ ಎಲ್ಲ ಆರೋಪಿಗಳೂ ನಿರ್ದೋಷಿಗಳು ಎಂದು 1948ರಲ್ಲಿ ಭಿನ್ನ ತೀರ್ಪು ಬರೆದರು. ಜಪಾನಿ ಸೈನ್ಯದ ಕ್ರೌರ್ಯ ನಡೆದೇ ಇಲ್ಲ ಎಂದು ಅವರು ಹೇಳಿದ್ದಲ್ಲ. ಗೆದ್ದವರು ಆಮೇಲೆ ಕಾನೂನು ಕಟ್ಟಿ ಸೋತವರ ಮೇಲೆ ಹೊರಿಸುವುದು ನ್ಯಾಯವಲ್ಲ ಎಂಬುದು ಅವರ ವಾದ. ಅವರ ತೀರ್ಮಾನ ನನಗೆ ಒಪ್ಪಿಗೆ ಇಲ್ಲ. ಆದರೆ ಈ ಹುಡುಗ ಕೇಳಿದ ಪ್ರಶ್ನೆಯ ಬೇರು ಅಲ್ಲಿಯೇ ಉಂಟು.

ತಿಳಿದವರು ಹೇಳಿ. ಆದಿತ್ಯವಾರ ಪುನಃ ಕ್ಲಾಸು.

ಚಂದ್ರಗಿರಿ ದಡ:

ಮಾಸ್ಟ್ರೇ, ಹುಡುಗ ಸರಿಯಾಗಿಯೇ ಕೇಳಿದ್ದಾನೆ. ಬಲ ಇಲ್ಲದವರಿಗೆ ಮಾತ್ರ ಇರುವ ಕೋರ್ಟು ಅದು. ಸೂಡಾನಿನ ಅಧ್ಯಕ್ಷರಾಗಿದ್ದ ಬಶೀರ್ ಮೇಲೆ 2009ರಲ್ಲಿ ವಾರೆಂಟ್ ಆಯ್ತು, 2010ರಲ್ಲಿ ನರಮೇಧದ ಆರೋಪವೂ ಸೇರಿತು. ಅಧಿಕಾರದಲ್ಲಿದ್ದ ಅಷ್ಟೂ ವರ್ಷ ಅವರು ತಿರುಗಾಡಿಕೊಂಡೇ ಇದ್ದರು. 2015ರ ಜೂನಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದಾಗ, ದೇಶ ಬಿಟ್ಟು ಹೋಗಲು ಬಿಡಬೇಡಿ ಎಂದು ಅಲ್ಲಿನ ಕೋರ್ಟೇ ಆದೇಶ ಮಾಡಿತ್ತು. ಸೈನ್ಯದ ವಿಮಾನ ನಿಲ್ದಾಣದಿಂದ ಹಾರಿ ಹೋದರು. ಅದೇ ವರ್ಷ ಅಕ್ಟೋಬರಲ್ಲಿ ಆಫ್ರಿಕ ಶೃಂಗಸಭೆಗೆ ದೆಹಲಿಗೂ ಬಂದಿದ್ದರು.

ಮಂಗೋಲಿಯ ಸದಸ್ಯ ದೇಶ. 2024ರಲ್ಲಿ ಪುಟಿನ್ ಅಲ್ಲಿಗೆ ಹೋದರು, ಏನೂ ಆಗಲಿಲ್ಲ. ಇಸ್ರೇಲಿನ ನೆತನ್ಯಾಹು ಮೇಲೆ 2024ರ ನವೆಂಬರಲ್ಲಿ ವಾರೆಂಟ್. 2025ರ ಏಪ್ರಿಲಲ್ಲಿ ಹಂಗೇರಿ ಅವರನ್ನು ಕರೆದು ಸತ್ಕಾರ ಮಾಡಿತು, ಅದೇ ಹೊತ್ತಿಗೆ ತಾನು ಕೋರ್ಟಿನಿಂದಲೇ ಹೊರಗೆ ಬರುವುದಾಗಿ ಹೇಳಿತು. ಅಮೆರಿಕ ಆ ಕೋರ್ಟಿನ ಪ್ರಾಸಿಕ್ಯೂಟರ್ ಮೇಲೆ, ನ್ಯಾಯಾಧೀಶರ ಮೇಲೆ ನಿರ್ಬಂಧ ಹಾಕಿತು. ಗಾಜಾದಲ್ಲಿ, ಯುಕ್ರೇನಿನಲ್ಲಿ ಮಕ್ಕಳು ಸಾಯುತ್ತಾ ಇರುವಾಗ ಈ ಕಾಗದ ಯಾರನ್ನು ಉಳಿಸಿತು? ಸಿಟ್ಟಿನಲ್ಲಿ ಬರೆಯುತ್ತಾ ಇದ್ದೇನೆ, ಕ್ಷಮಿಸಿ. ಆದ್ರೆ ಸಿಟ್ಟು ಬರಬೇಕಾದ ವಿಷಯವೇ.

ವಿದ್ಯಾನಗರ ವಕೀಲೆ:

ಮೊದಲು ಒಂದು ಗೊಂದಲ ತೆಗೆಯುವ. ಹೇಗ್‌ನಲ್ಲಿ ಎರಡು ದೊಡ್ಡ ಕೋರ್ಟುಗಳುಂಟು, ಪೇಪರಿನವರೂ ಆಗಾಗ ಒಂದನ್ನು ಇನ್ನೊಂದು ಮಾಡುತ್ತಾರೆ. ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ದೇಶದ ಮೇಲೆ ದೇಶ ದಾವೆ ಹೂಡುವುದು. ರೋಹಿಂಗ್ಯಾ ವಿಷಯದಲ್ಲಿ 2019ರಲ್ಲಿ ಗ್ಯಾಂಬಿಯ ಮ್ಯಾನ್ಮಾರ್ ಮೇಲೆ ಹಾಕಿದ್ದು ಅಂಥ ದಾವೆ. ಅಲ್ಲಿ ಯಾರನ್ನೂ ಜೈಲಿಗೆ ಕಳಿಸುವುದಿಲ್ಲ. ಇನ್ನೊಂದು ಅಪರಾಧ ನ್ಯಾಯಾಲಯ. 1998ರ ಜುಲೈಯಲ್ಲಿ ರೋಮ್‌ನಲ್ಲಿ ಒಪ್ಪಂದವಾಗಿ 2002ರ ಜುಲೈ 1ರಿಂದ ಜಾರಿಗೆ ಬಂತು. ಇದು ವ್ಯಕ್ತಿಗಳನ್ನು ವಿಚಾರಿಸುತ್ತದೆ. ಢಾಕಾದಲ್ಲಿ 2025ರ ನವೆಂಬರಲ್ಲಿ ಶೇಖ್ ಹಸೀನಾ ಅವರಿಗೆ ಗೈರುಹಾಜರಿಯಲ್ಲಿ ಮರಣದಂಡನೆ ಕೊಟ್ಟದ್ದು ಇವೆರಡೂ ಅಲ್ಲ. ಅದರ ಹೆಸರಲ್ಲಿ "ಅಂತಾರಾಷ್ಟ್ರೀಯ" ಅಂತ ಇದ್ದರೂ ಬಾಂಗ್ಲಾದೇಶದ್ದೇ ಕೋರ್ಟು. ಹೇಗ್‌ನ ಅಪರಾಧ ಕೋರ್ಟಿಗೆ ಮರಣದಂಡನೆ ಕೊಡುವ ಅಧಿಕಾರವೇ ಇಲ್ಲ, ಆರೋಪಿ ಎದುರಿಗೆ ಇಲ್ಲದೆ ಅಲ್ಲಿ ವಿಚಾರಣೆಯೂ ನಡೆಯುವುದಿಲ್ಲ.

ಇನ್ನು ಹುಡುಗನ ಪ್ರಶ್ನೆ. ರೋಮ್ ಒಪ್ಪಂದದ 27ನೇ ವಿಧಿ ರಾಷ್ಟ್ರಾಧ್ಯಕ್ಷ, ಪ್ರಧಾನಿ ಯಾರೇ ಆಗಲಿ, ಹುದ್ದೆಯ ರಕ್ಷಣೆ ಇಲ್ಲ ಎನ್ನುತ್ತದೆ. ಆದರೆ ಒಂದು ದೇಶದ ಸಾಮಾನ್ಯ ಕೋರ್ಟು ಇನ್ನೊಂದು ದೇಶದ ಅಧಿಕಾರದಲ್ಲಿರುವ ಮಂತ್ರಿಯನ್ನು ಹಿಡಿಯುವ ಹಾಗಿಲ್ಲ. ಕಾಂಗೋದ ವಿದೇಶ ಮಂತ್ರಿಯ ಮೇಲೆ ಬೆಲ್ಜಿಯಂ ಹೊರಡಿಸಿದ ವಾರೆಂಟನ್ನು 2002ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ತಪ್ಪೆಂದಿತು. ಆದ್ದರಿಂದ ಕುರ್ಚಿಯಲ್ಲಿ ಕೂತವರಿಗೆ ಉಳಿದ ದಾರಿ ಇಂಥ ವಿಶೇಷ ಕೋರ್ಟುಗಳೇ. ಅವಕ್ಕೆ ಸ್ವಂತ ಪೊಲೀಸ್ ಇಲ್ಲ.

ಚಂದ್ರಗಿರಿಯವರೇ, ಆ ಕೋರ್ಟು ಆಫ್ರಿಕದವರಿಗೆ ಮಾತ್ರ ಎಂದು ಕೆಲವರು ಹೇಳುವ ಮಾತು ಒಂದು ಕಾಲಕ್ಕೆ ಸರಿ ಇತ್ತು, ಈಗ ಅಲ್ಲ. ಬಲದ ವಿಷಯ ಮಾತ್ರ ನೀವು ಹೇಳಿದ ಹಾಗೆಯೇ. ಸದಸ್ಯ ಅಲ್ಲದ ದೇಶದಲ್ಲಿ ನಡೆದ ಅಪರಾಧವನ್ನು ಭದ್ರತಾ ಮಂಡಳಿ ಕೋರ್ಟಿಗೆ ಒಪ್ಪಿಸಬಹುದು. ಸೂಡಾನಿನ ಡಾರ್ಫುರ್ ಪ್ರಾಂತ್ಯದ ಕೇಸು ಹಾಗೆ ಬಂತು. ಸಿರಿಯವನ್ನು ಒಪ್ಪಿಸುವ ಠರಾವನ್ನು 2014ರ ಮೇಯಲ್ಲಿ 13 ದೇಶಗಳು ಬೆಂಬಲಿಸಿದವು. ರಷ್ಯ ಮತ್ತು ಚೀನ ವೀಟೋ ಹಾಕಿದವು. ಅಲ್ಲಿಗೆ ಮುಗಿಯಿತು. ಮಂಡಳಿಗೆ ಈ ಅಧಿಕಾರ ಕೊಡಬಾರದು ಎನ್ನುವುದು 1998ರಲ್ಲಿ ಭಾರತದ ಆಕ್ಷೇಪಗಳಲ್ಲಿ ಒಂದು. ಅಣ್ವಸ್ತ್ರ ಬಳಕೆಯನ್ನು ಅಪರಾಧಗಳ ಪಟ್ಟಿಗೆ ಸೇರಿಸಲಿಲ್ಲ ಎನ್ನುವುದು ಇನ್ನೊಂದು. ಎರಡೂ ತೂಕದ ಮಾತುಗಳೇ. ಆದರೆ ಆಕ್ಷೇಪ ಇದೆ ಎಂದು ಇಷ್ಟು ವರ್ಷ ಹೊರಗೆ ಕೂತದ್ದು ನನಗೆ ಸರಿ ಕಾಣುವುದಿಲ್ಲ.

ಕುಂಬಳೆ ಕೋಟೆ:

ವರದಿ, ತೀರ್ಪು ಎಲ್ಲ ಕಾಗದದಲ್ಲಿ ಉಳಿಯುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಕೇರಳಕ್ಕೆ ಹೋದ ನಮ್ಮ ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಊರುಗಳು ಕರ್ನಾಟಕಕ್ಕೆ ಸೇರಬೇಕು ಎಂದು ಮಹಾಜನ ಆಯೋಗ 1967ರಲ್ಲೇ ಬರೆದಿತ್ತು.

ಪೆರ್ಲದ ಮಾಸ್ಟ್ರು:

ಆ ನೋವು ನನಗೂ ಉಂಟು. ಆದರೆ ಅದು ಬೇರೆ ಚರ್ಚೆ, ಅದಕ್ಕೆ ಬೇರೆ ಎಳೆ ತೆರೆಯಿರಿ. ಆಯೋಗದ ಶಿಫಾರಸನ್ನೂ ಕೊಲೆಯ ವಿಚಾರಣೆಯನ್ನೂ ಒಂದೇ ತಕ್ಕಡಿಗೆ ಹಾಕುವುದು ಬೇಡ.

ಮುಳ್ಳೇರಿಯ ತೋಟ:

ನಾನು ಕಾನೂನು ಓದಿದವ ಅಲ್ಲ, ಅಡಿಕೆ ಕೃಷಿಕ. ಆದರೆ ವಕೀಲಕ್ಕ ಹೇಳಿದ "ಸ್ವಂತ ಪೊಲೀಸ್ ಇಲ್ಲ" ಎಂಬ ಮಾತು ಓದಿದ ಕೂಡಲೇ ನನಗೆ ಕೇರಳ-ಕರ್ನಾಟಕ ಗಡಿಯ ತಲಪಾಡಿ ನೆನಪಾಯಿತು.

2020ರ ಮಾರ್ಚ್ ಕೊನೆ. ಅಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಅದು ಮಂಗಳೂರಿನಲ್ಲಿ. ನಮಗೆ ಯಾವ ಕಾಯಿಲೆಗೂ ಮಂಗಳೂರೇ ಅಲ್ವಾ. ಗಡಿ ಮುಚ್ಚಿತು. ಒಳದಾರಿಗಳಿಗೂ ಮಣ್ಣು ತಂದು ಸುರಿದಿದ್ದರು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ಆದೇಶ ಬಂತು, ತುರ್ತು ಚಿಕಿತ್ಸೆಗೆ ಹೋಗುವ ವಾಹನಗಳಿಗೆ ದಾರಿ ಬಿಡಿಸಿಕೊಡಬೇಕು ಅಂತ. ರಾತ್ರಿ ಮೊಬೈಲಿನಲ್ಲಿ ಅದನ್ನು ಓದಿ ಅಮ್ಮನಿಗೆ ಕೇಳುವ ಹಾಗೆ ಜೋರಾಗಿ ಹೇಳಿದೆ. ಮರುದಿನ ಕಾರು ಕೊಂಡುಹೋದೆ. ಆದೇಶ ನನ್ನ ಕೈಯಲ್ಲಿತ್ತು, ದಾರಿಯಲ್ಲಿ ಮಣ್ಣು ಇದ್ದ ಹಾಗೆಯೇ ಇತ್ತು. ಅಲ್ಲಿ ನಿಂತಿದ್ದ ಪೊಲೀಸರಲ್ಲಿ ಒಬ್ಬರು ವಯಸ್ಸಾದವರು, ಅಮ್ಮನ ಮುಖ ನೋಡಿ ನೆಲ ನೋಡಿದರು. "ನಮಗೆ ಮೇಲಿಂದ ಬಂದಿಲ್ಲ" ಎಂದಷ್ಟೇ ಹೇಳಿದರು. ನಾವು ಕಾರು ತಿರುಗಿಸಿ ಕಣ್ಣೂರಿನ ಕಡೆಗೆ ಹೋದೆವು. ಅಮ್ಮ ಬದುಕಿದರು. ನಮ್ಮ ಹತ್ತಿರದ ಮನೆಯ ಅಜ್ಜ ಬದುಕಲಿಲ್ಲ.

ಒಂದೇ ದೇಶ, ಒಂದೇ ಸಂವಿಧಾನ, ಎರಡು ಮೈಲು ದೂರ. ಅಲ್ಲಿಯೇ ಹೀಗಾದರೆ ಹೇಗ್‌ನ ಕಾಗದಕ್ಕೆ ಮಾಸ್ಕೋದಲ್ಲಿ ಏನು ಬೆಲೆ?

ವಿದ್ಯಾನಗರ ವಕೀಲೆ:

ನಿಮ್ಮದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ಆ ದಿನಗಳಲ್ಲಿ ನಾವು ವಕೀಲರೂ ಅದೇ ಆದೇಶದ ಪ್ರತಿ ಹಿಡಿದುಕೊಂಡು ಕೂತಿದ್ದೆವು. ಹೈಕೋರ್ಟ್ ಹೇಳಿದ್ದು ಕೇಂದ್ರ ಸರ್ಕಾರಕ್ಕೆ. ಗಡಿಯ ಆಚೆಯವರು ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ಕೂತು ಮಾತಾಡಿದ ಮೇಲೆ, ಯಾವ ರೋಗಿಯನ್ನು ಹೇಗೆ ಬಿಡುವುದು ಎಂದು ನಿಯಮ ಮಾಡಿದರು. ಅಷ್ಟು ಹೊತ್ತಿಗೆ ಕೆಲವರಿಗೆ ತಡವಾಗಿತ್ತು.

ಆದರೆ ಒಂದು ಮಾತು ಕೇಳುತ್ತೇನೆ. ಆ ಆದೇಶವೇ ಇಲ್ಲದಿದ್ದರೆ ಎರಡೂ ಕಡೆಯವರು ಮಾತಿಗಾದರೂ ಕೂರುತ್ತಿದ್ದರಾ?

ಮುಳ್ಳೇರಿಯ ತೋಟ:

ಇಲ್ಲ ಅಕ್ಕ. ಅದು ಹೌದು.

ಪೈವಳಿಕೆ ಹುಡುಗಿ:

ನಾನು ಮಂಗಳೂರಿನಲ್ಲಿ ರಾಜ್ಯಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಚಂದ್ರಗಿರಿಯಣ್ಣ ತಿರುಗಾಡಿದವರ ಪಟ್ಟಿ ಕೊಟ್ಟರು. ಈ ಕೋರ್ಟಿಗೋ, ಒಂದೊಂದು ಯುದ್ಧಕ್ಕೆಂದು ಮಾಡಿದ ಬೇರೆ ವಿಶೇಷ ಕೋರ್ಟುಗಳಿಗೋ ಸಿಕ್ಕಿಬಿದ್ದವರದ್ದೂ ಒಂದು ಪಟ್ಟಿ ಉಂಟು, ಅದನ್ನೂ ನೋಡಬೇಕು. ರುವಾಂಡದ ಪ್ರಧಾನಿಯಾಗಿದ್ದ ಕಂಬಂಡ ನರಮೇಧದ ತಪ್ಪೊಪ್ಪಿಕೊಂಡು 1998ರಲ್ಲಿ ಜೀವಾವಧಿ ಶಿಕ್ಷೆ ಪಡೆದರು. ಸರ್ಬಿಯದ ನಾಯಕ ಮಿಲೊಸೆವಿಚ್ ಮೇಲೆ ಅಧಿಕಾರದಲ್ಲಿದ್ದಾಗಲೇ 1999ರಲ್ಲಿ ಆರೋಪಪಟ್ಟಿ ಬಂತು, 2001ರಲ್ಲಿ ಅವರದೇ ದೇಶ ಹಿಡಿದು ಕೊಟ್ಟಿತು. ತೀರ್ಪಿಗೆ ಮೊದಲೇ 2006ರಲ್ಲಿ ಜೈಲಿನಲ್ಲಿ ಸತ್ತರು. ಲೈಬೀರಿಯದ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಟೇಲರ್‌ಗೆ 2012ರಲ್ಲಿ 50 ವರ್ಷ ಜೈಲು. ಫಿಲಿಪ್ಪೀನ್ಸ್‌ನ ಅಧ್ಯಕ್ಷರಾಗಿದ್ದ ದುತೆರ್ತೆಯನ್ನು 2025ರ ಮಾರ್ಚಲ್ಲಿ ಮನಿಲಾದಲ್ಲಿ ಹಿಡಿದು ಅದೇ ದಿನ ಹೇಗ್‌ನ ಅಪರಾಧ ಕೋರ್ಟಿಗೆ ವಿಮಾನ ಹತ್ತಿಸಿದರು. ಅದು ಯುದ್ಧಾಪರಾಧ ಅಲ್ಲ, ಮಾದಕವಸ್ತು ಕಾರ್ಯಾಚರಣೆಯ ಕೊಲೆಗಳ ಕೇಸು. ಆದರೂ ತನ್ನ ದೇಶವನ್ನು ಆ ಕೋರ್ಟಿನಿಂದ ಹೊರಗೆ ತಂದ ಮನುಷ್ಯ ಅದೇ ಕೋರ್ಟಿಗೆ ಸಿಕ್ಕಿದರು ಎಂಬುದನ್ನು ನೋಡಿ.

ಇವರೆಲ್ಲ ಕೋರ್ಟಿಗೆ ಸಿಕ್ಕಿದ್ದು ಅವರವರ ಊರಿನಲ್ಲಿ ಅಧಿಕಾರ ತಪ್ಪಿದ ಮೇಲೆ. ಕೋರ್ಟ್ ಯಾರನ್ನೂ ಕುರ್ಚಿಯಿಂದ ಇಳಿಸಿದ್ದಲ್ಲ. ಇಳಿದ ದಿನಕ್ಕೆ ಕಾಗದ ತಯಾರಿಟ್ಟುಕೊಂಡು ಕಾದಿತ್ತು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಚಾಡ್ ದೇಶದ ಹಿಸ್ಸೇನ್ ಹಬ್ರೆಯ ಕೇಸು. 1982ರಿಂದ 1990ರವರೆಗೆ ಆಳಿ, ಪದಚ್ಯುತನಾಗಿ ಸೆನೆಗಲ್‌ಗೆ ಓಡಿ ಅಲ್ಲಿ ಆರಾಮವಾಗಿದ್ದ. ಅವನ ಜೈಲಿನಿಂದ ಬದುಕಿ ಬಂದ ಸುಲೈಮಾನ್ ಗೆಂಗೆಂಗ್ ಎಂಬ ಸಾಮಾನ್ಯ ಗುಮಾಸ್ತರು, ತನ್ನ ಹಾಗೆ ಕಷ್ಟ ಅನುಭವಿಸಿದವರನ್ನು ಹುಡುಕಿ ನೂರಾರು ಜನರ ಹೇಳಿಕೆ ಬರೆದುಕೊಂಡು ವರ್ಷಗಟ್ಟಲೆ ಮನೆಯಲ್ಲಿ ಅಡಗಿಸಿಟ್ಟರು. 2001ರಲ್ಲಿ ರಹಸ್ಯ ಪೊಲೀಸರ ಹಳೇ ಕಟ್ಟಡದಲ್ಲಿ ಸಾವಿರಾರು ದಾಖಲೆಗಳು ರಾಶಿ ಬಿದ್ದದ್ದು ಸಿಕ್ಕಿತು. ಕಡೆಗೆ ಆಫ್ರಿಕನ್ ಒಕ್ಕೂಟದ ಜೊತೆ ಸೇರಿ ಸೆನೆಗಲ್ ವಿಶೇಷ ಕೋರ್ಟ್ ಮಾಡಿತು. 2016ರ ಮೇ 30ಕ್ಕೆ ಜೀವಾವಧಿ ಶಿಕ್ಷೆ. ಅಧಿಕಾರ ಹೋಗಿ ಇಪ್ಪತ್ತಾರನೇ ವರ್ಷಕ್ಕೆ! ಆ ಕಾಗದಗಳನ್ನು ಯಾರಾದರೂ ಒಲೆಗೆ ಹಾಕಿದ್ದರೆ ಕೇಸೇ ಇರುತ್ತಿರಲಿಲ್ಲ.

ಚಂದ್ರಗಿರಿ ದಡ:

ತಂಗಿ, ಇಪ್ಪತ್ತಾರು ವರ್ಷ ಕಾಯುವಷ್ಟು ಆಯುಸ್ಸು ಎಷ್ಟು ತಾಯಂದಿರಿಗೆ ಉಂಟು? ಮತ್ತೆ ಚಾಡ್, ಲೈಬೀರಿಯ, ಸರ್ಬಿಯ ಎಲ್ಲ ಸಣ್ಣ ದೇಶಗಳು. ವೀಟೋ ಇರುವ ಒಂದು ದೇಶದ ಒಬ್ಬ ನಾಯಕನ ಹೆಸರು ಹೇಳು, ಕಟಕಟೆಯಲ್ಲಿ ನಿಂತದ್ದು.

ಪೈವಳಿಕೆ ಹುಡುಗಿ:

ಒಬ್ಬರೂ ಇಲ್ಲ ಅಣ್ಣ. ಅದನ್ನು ಮುಚ್ಚಿಡುವುದಿಲ್ಲ. ಆದರೆ 2023ರ ಆಗಸ್ಟಿನಲ್ಲಿ ಜೋಹಾನ್ಸ್‌ಬರ್ಗ್‌ನ ಬ್ರಿಕ್ಸ್ ಸಭೆಗೆ ಪುಟಿನ್ ಹೋಗದೆ ವೀಡಿಯೋದಲ್ಲಿ ಮಾತಾಡಿದರು. ಬಶೀರ್‌ನನ್ನು ಬಿಟ್ಟು ಕಳಿಸಿ ತನ್ನದೇ ಕೋರ್ಟುಗಳಿಂದ ಬೈಸಿಕೊಂಡ ದೇಶ ಅದು, ಎರಡನೇ ಸಲ ಅಷ್ಟು ಸುಲಭ ಇರಲಿಲ್ಲ. ಇದು ನ್ಯಾಯ ಅಂತ ನಾನು ಹೇಳುವುದಿಲ್ಲ. ಅಷ್ಟು ದೊಡ್ಡ ದೇಶದ ಅಧ್ಯಕ್ಷನೂ ಯಾವ ಊರಿಗೆ ಹೋಗಬಹುದು ಎಂದು ನಕಾಶೆ ನೋಡಬೇಕಾಯಿತು, ಅಷ್ಟು.

ಎಣ್ಮಕಜೆ ಸಿಸ್ಟರ್:

ಹೇಳಿಕೆ, ಹೆಸರು ಬರೆದಿಡುವುದರ ಬಗ್ಗೆ ಹುಡುಗಿ ಹೇಳಿದ್ದು ನೂರಕ್ಕೆ ನೂರು ನಿಜ. ಎಂಡೋಸಲ್ಫಾನ್ ಕೀಟನಾಶಕದಿಂದ ಕಾಯಿಲೆಯಾದವರ ಕ್ಯಾಂಪುಗಳಲ್ಲಿ ನಾನು ರಿಜಿಸ್ಟರ್ ಬರೆದವಳು. ಪ್ರತಿ ಸಂತ್ರಸ್ತರಿಗೆ ಐದು ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಜನವರಿಯಲ್ಲಿ, ಮೂರು ತಿಂಗಳ ಒಳಗೆ ಅಂತ. ಪುನಃ ಕೋರ್ಟ್ ಹತ್ತಿದ ಮೇಲೆ, ವರ್ಷಗಳು ಕಳೆದು ಹಣ ಬಂತು. ಬಂದದ್ದು ಪಟ್ಟಿಯಲ್ಲಿ ಹೆಸರಿದ್ದವರಿಗೆ. ಕ್ಯಾಂಪಿಗೆ ಬರಲು ಬಸ್ಸು ಸಿಗದೆ ಮನೆಯಲ್ಲೇ ಉಳಿದ ಮಗುವಿನ ಹೆಸರನ್ನು ಯಾವ ನ್ಯಾಯಾಧೀಶರೂ ಹುಡುಕಿಕೊಂಡು ಬರಲಿಲ್ಲ. ಯುದ್ಧದ ಊರಿನಲ್ಲಿ ರಿಜಿಸ್ಟರ್ ಬರೆಯುವವರು ಯಾರು ಎಂಬ ಯೋಚನೆ ನನಗೆ ಯಾವಾಗಲೂ ಬರುತ್ತದೆ.

ಉಪ್ಪಳ ಸಾಲ್ಮಿಯಾ:

ನಾನು ಇಲ್ಲಿ ಓದುವವ, ಬರೆಯುವವ ಅಲ್ಲ. ಮಗಳು ಟೈಪ್ ಮಾಡಿಕೊಡುತ್ತಾಳೆ.

1990ರ ಆಗಸ್ಟ್ 2ಕ್ಕೆ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ನಾನು ಸಾಲ್ಮಿಯಾದಲ್ಲಿ ಟೈಲರ್. ಬಸ್ರಾ, ಬಗ್ದಾದ್ ದಾಟಿ ಅಮ್ಮಾನಿಗೆ ಬಸ್ಸಿನಲ್ಲಿ ಬಂದೆವು. ಅಲ್ಲಿ ಡೇರೆಯಲ್ಲಿ ಹನ್ನೆರಡು ದಿನ. ಅಲ್ಲಿಂದ ಏರ್ ಇಂಡಿಯಾ ವಿಮಾನ. ಒಂದೂವರೆ ಲಕ್ಷಕ್ಕಿಂತ ಹೆಚ್ಚು ಭಾರತೀಯರು ಹಾಗೆ ಬಂದರು, ನಮ್ಮ ಉಪ್ಪಳ, ಮಂಜೇಶ್ವರದವರೇ ಎಷ್ಟೋ ಜನ. ಊರಿಗೆ ಮುಟ್ಟಿದಾಗ ಕೈಯಲ್ಲಿ ಒಂದು ಚೀಲ.

ಆಮೇಲೆ ಭದ್ರತಾ ಮಂಡಳಿ ಪರಿಹಾರ ಆಯೋಗ ಮಾಡಿತು. ಇರಾಕಿನ ಎಣ್ಣೆಯ ಆದಾಯದಲ್ಲಿ ಪಾಲು ಹಿಡಿದು ನಷ್ಟವಾದವರಿಗೆ ಕೊಡುವುದು. ನಮ್ಮ ಅರ್ಜಿ ಭಾರತ ಸರ್ಕಾರದ ಮೂಲಕ ಹೋಯಿತು. ದೇಶ ಬಿಟ್ಟು ಓಡಿದ ಒಂಟಿ ಮನುಷ್ಯನಿಗೆ 2500 ಡಾಲರ್. ಬೇರೆ ಕ್ಲೇಮ್ ಹಾಕುವುದಿಲ್ಲ ಎಂದು ಒಪ್ಪಿದರೆ 4000. ನನ್ನ ಹತ್ತಿರ ಯಾವ ರಸೀದಿಯೂ ಇರಲಿಲ್ಲ, 4000ಕ್ಕೆ ಬರೆದುಕೊಟ್ಟೆ. ವರ್ಷಗಳು ಹೋದವು, ಇನ್ನು ಬರುವುದಿಲ್ಲ ಎಂದು ಬಿಟ್ಟಾಗ ಹಣ ಬಂತು, ಕಂತಿನಲ್ಲಿ. ಮನೆಗೆ ಹೆಂಚು ಹೊದಿಸಿದ್ದು ಅದರಲ್ಲಿ. ಒಟ್ಟು 52.4 ಬಿಲಿಯ ಡಾಲರ್ ಕೊಟ್ಟು ಮುಗಿಯುವಾಗ 2022 ಆಯಿತು ಎಂದು ಮಗಳು ಓದಿ ಹೇಳಿದಳು. ಆದ್ದರಿಂದ ದೂರದ ಕಾಗದಕ್ಕೆ ಬೆಲೆಯೇ ಇಲ್ಲ ಎಂದರೆ ನಾನು ಒಪ್ಪುವುದಿಲ್ಲ.

ಆದರೆ ಇನ್ನೊಂದು ಮಾತು. ನನ್ನ ಅರ್ಬಾಬ್, ಅಂದರೆ ಅಂಗಡಿಯ ಧಣಿ, ಅವರಿಗೆ ಒಬ್ಬನೇ ಮಗ, ಹತ್ತೊಂಬತ್ತು ವರ್ಷ. ಸೆಪ್ಟೆಂಬರಲ್ಲಿ ಅಂಗಡಿಯ ಎದುರಿನಿಂದಲೇ ಸೈನಿಕರು ಹತ್ತಿಸಿಕೊಂಡು ಹೋದರು. ನಾನು ಒಳಗೆ ಮೆಷಿನಿನ ಹಿಂದೆ ಇದ್ದೆ. ಅವನು ತಿರುಗಿ ಬರಲಿಲ್ಲ. ಕುವೈತಿನಲ್ಲಿ ಹಾಗೆ ಕಾಣೆಯಾದವರು ಆರುನೂರು ಜನ, ಕೆಲವರ ಎಲುಬು ಎಷ್ಟೋ ವರ್ಷದ ನಂತರ ಇರಾಕಿನ ಮರಳಿನಲ್ಲಿ ಸಿಕ್ಕಿತು. ಸದ್ದಾಂಗೆ ಗಲ್ಲಾಯಿತಲ್ಲ ಎಂದು ಜನ ಹೇಳುತ್ತಾರೆ. ಅದು ಕುವೈತಿಗಾಗಿ ಅಲ್ಲ. 1982ರಲ್ಲಿ ದುಜೈಲ್ ಎಂಬ ಊರಿನ 148 ಜನರನ್ನು ಕೊಲ್ಲಿಸಿದ್ದಕ್ಕೆ, ಇರಾಕಿನದೇ ಕೋರ್ಟಿನಲ್ಲಿ. 2006ರ ಡಿಸೆಂಬರ್ 30ಕ್ಕೆ ಗಲ್ಲಿಗೆ ಹಾಕಿದರು. ಇರಾಕಿನ ಕುರ್ದರ ಊರು ಹಲಬ್ಜಾದಲ್ಲಿ ವಿಷಾನಿಲಕ್ಕೆ ಸತ್ತವರಿಗೂ, ನಮ್ಮ ಹುಡುಗನಿಗೂ ಅವನು ಕೊಡಬೇಕಾಗಿದ್ದ ಲೆಕ್ಕ ಅವನ ಜೊತೆಗೆ ಮುಚ್ಚಿಹೋಯಿತು. ನನ್ನ ಹೊಲಿಗೆ ಮೆಷಿನಿಗೆ ದುಡ್ಡು ಬಂತು. ಆ ಹುಡುಗನಿಗಾಗಿ ಯಾರೂ ಕಟಕಟೆಯಲ್ಲಿ ನಿಲ್ಲಲಿಲ್ಲ.

ವಿದ್ಯಾನಗರ ವಕೀಲೆ:

ಅಣ್ಣಾ, ಸದ್ದಾಂ ವಿಷಯದಲ್ಲಿ ಅವಸರದ ಗಲ್ಲು ದೊಡ್ಡ ತಪ್ಪು ಎಂದೇ ನನ್ನ ಅಭಿಪ್ರಾಯ. ಕುರ್ದರ ಮೇಲಿನ ಅನ್ಫಾಲ್ ಕೇಸಿನ ವಿಚಾರಣೆ ಆಗ ನಡೆಯುತ್ತಾ ಇತ್ತು, ಮುಖ್ಯ ಆರೋಪಿಯೇ ಸತ್ತ ಮೇಲೆ ಅವನ ಬಾಯಿಂದ ಬರಬೇಕಾದ್ದು ಬರಲಿಲ್ಲ.

ಒಂದು ಕೇಳಬೇಕು. ಆ ಹುಡುಗನನ್ನು ಕೊಂಡುಹೋದ ದಿನದ ವಿವರ ಯಾರಾದರೂ ನಿಮ್ಮಿಂದ ಬರೆದುಕೊಂಡರಾ?

ಉಪ್ಪಳ ಸಾಲ್ಮಿಯಾ:

ಇಲ್ಲ ಅಕ್ಕ. ಅರ್ಜಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಕೇಳಿದವರೂ ಇಲ್ಲ. ನಾನು ಆಗ ಅಳತೆ ಬರೆಯುವ ಪುಸ್ತಕದಲ್ಲಿ ಏನೋ ಬರೆದಿಟ್ಟ ನೆನಪು. ಆ ಪುಸ್ತಕ ಚೀಲದಲ್ಲಿ ಬಂದಿತ್ತು. ನೋಡುತ್ತೇನೆ.

ಚಂದ್ರಗಿರಿ ದಡ:

ಸಿಕ್ಕಿದರೆ ಜೋಪಾನ ಮಾಡಿ. ನಾನು ಮೊದಲು ಬರೆದದ್ದರಲ್ಲಿ ಬಲಿಷ್ಠರ ವಿಷಯ ಹಿಂದೆ ತೆಗೆಯುವುದಿಲ್ಲ. ಆದರೆ "ಕಾಗದ ಯಾರನ್ನು ಉಳಿಸಿತು" ಎಂದು ಕೇಳಿದ್ದೆ. ಉಳಿಸುವುದು ಒಂದು, ಮರೆಯದ ಹಾಗೆ ಮಾಡುವುದು ಇನ್ನೊಂದು. ಎರಡನ್ನೂ ಒಂದೇ ಎಂದುಕೊಂಡಿದ್ದೆ.

ಪೆರ್ಲದ ಮಾಸ್ಟ್ರು:

ಹುಡುಗನಿಗೆ ಈ ಎಳೆಯನ್ನು ಪೂರ್ತಿ ಓದಿ ಹೇಳಿದೆ. ಇಪ್ಪತ್ತಾರು ವರ್ಷದ ಕಥೆ ಬಂದಾಗ, ಅಷ್ಟು ಹೊತ್ತಿಗೆ ತನಗೆ ನಲವತ್ತು ಆಗುತ್ತದೆ ಎಂದು ಲೆಕ್ಕ ಹಾಕಿದ. "ಒಪ್ಪಿದವರಿಗೆ ಮಾತ್ರ ಕಾನೂನಾ" ಎಂಬುದಕ್ಕೆ, ಈಗ ಹೆಚ್ಚುಕಡಿಮೆ ಹಾಗೆಯೇ, ಹಾಗೆ ಇರಬಾರದು ಎಂದೆ. ಅವನಿಗೆ ಸಮಾಧಾನ ಆಗಲಿಲ್ಲ. ಆಮೇಲೆ ಕೇಳಿದ್ದು ಬೇರೆಯೇ: "ಟೈಲರಣ್ಣನ ಪುಸ್ತಕ ಸಿಕ್ಕಿತಾ?"

ಉಪ್ಪಳ ಸಾಲ್ಮಿಯಾ:

ಸಿಕ್ಕಿತು. ಅಟ್ಟದ ಪೆಟ್ಟಿಗೆಯಲ್ಲಿ, ಪಾಸ್‌ಪೋರ್ಟಿನ ಕೆಳಗೆ. ಅಂಚು ಗೆದ್ದಲು ತಿಂದಿದೆ, ನಡು ಚೆನ್ನಾಗಿದೆ. ಮಗಳು ಪುಟದ ಫೋಟೋ ತೆಗೆದು ವಕೀಲಕ್ಕನಿಗೆ ಕಳಿಸಿದ್ದಾಳೆ. ಮೇಲೆ ಯಾರದೋ ತೋಬಿನ, ಅರಬರ ಉದ್ದ ನಿಲುವಂಗಿಯ, ಅಳತೆ, ಭುಜ 18, ಉದ್ದ 56. ಅದರ ಕೆಳಗೆ ಕನ್ನಡದಲ್ಲಿ ನನ್ನದೇ ಅಕ್ಷರ: "ಸೆಪ್ಟೆಂಬರ್ 11, ಮಂಗಳವಾರ, ಅಸರ್ ಬಾಂಗಿನ ಮೊದಲು. ಹಸಿರು ಜೀಪು, ನಾಲ್ಕು ಜನ. ಅವನ ಒಂದು ಚಪ್ಪಲಿ ಇಲ್ಲೇ ಬಿತ್ತು. ಎತ್ತಿ ಒಳಗೆ ಇಟ್ಟಿದ್ದೇನೆ."

ಆದಿತ್ಯವಾರ ಪುಸ್ತಕ ತೆಗೆದುಕೊಂಡು ಪೆರ್ಲಕ್ಕೆ ಬರುತ್ತೇನೆ ಮಾಸ್ಟ್ರೇ. ಕ್ಲಾಸು ಎಷ್ಟು ಗಂಟೆಗೆ?